ಮೆಟ್ಟಿಲ ಮೇಲಿನ ಬೆಕ್ಕು

ಜನವರಿ ೧೪

ಪ್ರೀತಿಯ ಬಾಯಿ,

ನಿನ್ನ ಕಾಗದ ಬಂತು. ಲಕೋಟೆ ಒಡೆದ ಅತ್ತಿಗೆ, "ಇದೇನೇ ಇದು, ಖಾಲಿ ಹಾಳೆ ಕಳಿಸಿದ್ದಾಳೆ!" ಅಂದರು. ಮುಟ್ಟಿ ನೋಡಿ ಅಂದೆ. ಮುಟ್ಟಿದವರು, "ಅಯ್ಯೋ, ಕಾಗದಕ್ಕೆ ದಡಾರ ಎದ್ದಿದೆ" ಅಂತ ನಕ್ಕರು. ಬೆರಳಿಟ್ಟು ಓದಿ ಅವರಿಗೆ ಹೇಳಿದ್ದು ಅರ್ಧ ಮಾತ್ರ. ಉಳಿದರ್ಧ ನಮ್ಮಿಬ್ಬರದು.

ಇಷ್ಟು ವರ್ಷದ ಮೇಲೂ ನಿನಗೆ ಬ್ರೈಲ್ ನೆನಪಿದೆಯಲ್ಲೇ! ಹಾಸ್ಟೆಲಿನಲ್ಲಿ ಬ್ರೈಲ್ ಚುಕ್ಕೆ ಚುಚ್ಚುವ ನನ್ನ ಸ್ಲೇಟು ಕಿತ್ತುಕೊಂಡು, "ನಾನು ನಿನಗೆ ಓದಿ ಹೇಳ್ತೀನಿ, ನೀನು ನನಗೆ ಚುಚ್ಚೋದು ಕಲಿಸು" ಅಂದವಳು ನೀನು. ನನ್ನ ಪಠ್ಯಪುಸ್ತಕಗಳೆಲ್ಲ ಇವತ್ತಿಗೂ ತಲೆಯಲ್ಲಿ ನಿನ್ನ ದನಿಯಲ್ಲೇ ಇವೆ. ಅಡುಗೆಯಾಕೆ ನಮ್ಮನ್ನು ನೋಡಿ ನೋಡಿ ನಿನಗೆ ಬಾಯಿ, ನನಗೆ ಕಿವಿ ಅಂತ ಹೆಸರಿಟ್ಟಳು. ನಿದ್ದೆ ಬಂದಾಗ ನೀನು ಪುಟ ಹಾರಿಸುತ್ತಿದ್ದೆ. ಎರಡು ಹಾಳೆ ಒಟ್ಟಿಗೆ ಮಗುಚುವ ಸದ್ದೇ ಬೇರೆ, ಅದು ನಿನಗೆ ಗೊತ್ತಿರಲಿಲ್ಲ. ನಾನು "ವಾಪಸ್ ಬಾ" ಅನ್ನುತ್ತಿದ್ದೆ. ನೀನು ಗೊಣಗಿಕೊಂಡು ಬರುತ್ತಿದ್ದೆ.

ಮತ್ತೆ ಆ ಬೆಕ್ಕು! ಪುಸ್ತಕದ ಚಿತ್ರದಲ್ಲಿ ಏನಿದೆ ಅಂತ ಹೇಳುವಾಗ ನೀನು ಎಲ್ಲೋ ಒಂದು ಮೂಲೆಯಲ್ಲಿ ಒಂದು ಬೆಕ್ಕನ್ನು ಸೇರಿಸಿಬಿಡುತ್ತಿದ್ದೆ. ಹೃದಯದ ಚಿತ್ರದಲ್ಲಿ ಕವಾಟದ ಹಿಂದೆ ಬೆಕ್ಕು. ಯುದ್ಧಭೂಮಿಯಲ್ಲಿ ಸತ್ತ ಕುದುರೆಯ ಪಕ್ಕ ಬೆಕ್ಕು. ಬೆಕ್ಕು ಸುಳ್ಳು, ಉಳಿದದ್ದೆಲ್ಲ ನಿಜ. ಅದು ನಮ್ಮ ಒಪ್ಪಂದ. ಒಂದು ಸುಳ್ಳಿಗೆ ಗುರುತು ಹಾಕಿ ನನ್ನ ಕೈಗೆ ಕೊಡುತ್ತಿದ್ದೆಯಲ್ಲ, ಅದಕ್ಕೇ ಬೇರೆ ಸುಳ್ಳು ಇರುವುದಿಲ್ಲ ಅಂತ ನನಗೆ ಧೈರ್ಯ.

ಈಗ ನೀನು ಕೇಳಿದ ವಿಷಯ. ನಗರಸಭೆಯ ಹೊಸ ಜಾಲತಾಣ ಕಟ್ಟುವ ಕೆಲಸ ನಿನ್ನ ಕಂಪನಿಗೆ ಸಿಕ್ಕಿದ್ದು ಖುಷಿ. ಗುಮಾಸ್ತರೇ ಕೂತು ಸುದ್ದಿ, ಚಿತ್ರ, ಅರ್ಜಿ ಏರಿಸಬಹುದಾದ ತಂತ್ರಾಂಶ. ಕಣ್ಣು ಕಾಣದವರಿಗೂ ಸಲೀಸಾಗಿರಬೇಕು ಅನ್ನುವ ಮಾನದಂಡ. ಅದನ್ನು ಪಾಲಿಸಿದೆಯೋ ಇಲ್ಲವೋ ಅಂತ ಪರೀಕ್ಷಿಸಿ ಹೇಳುವುದಕ್ಕೆ ನಾನು. ಆಗಲಿ. ನನ್ನ ಕಂಪ್ಯೂಟರಿನಲ್ಲಿ ಪರದೆಯನ್ನು ಓದಿ ಹೇಳುವ ಗಿಣಿ ಒಂದಿದೆ. ಗಿಣಿಯೂ ನಾನೂ ಸಿದ್ಧ.

ಒಂದೇ ಷರತ್ತು. ದರ್ಜಿ ಅಂಗಡಿಯ ಮೇಲಿನ ಈ ಕೋಣೆಗೆ ನನ್ನ ಹತ್ತಿರ ಕಂಪ್ಯೂಟರು ಕಲಿಯಲು ಬರುವವರೆಲ್ಲ ನನ್ನ ಹಾಗೆಯೇ ಕಣ್ಣಿಲ್ಲದವರು. ಟೀಚರ್ ಹೇಳಿದರು ಅಂದರೆ ಅವರಿಗೆ ಅಲ್ಲಿಗೆ ಮುಗಿಯಿತು. ಹಾಗಾಗಿ ನಾನು ಸರಿಯಿದೆ ಅಂದಮೇಲೆ ಅದು ಸರಿ ಇರಬೇಕು.

ನಿನ್ನ,
ಕಿವಿ


ಫೆಬ್ರವರಿ ೨

ನನ್ನ ಕಿವಿಯೇ,

ನೀನು ಒಪ್ಪಿದ್ದು ಕೇಳಿ ಆಫೀಸಿನಲ್ಲಿ ಕುರ್ಚಿ ಮೇಲೆ ಕೂತಲ್ಲೇ ಒಂದು ಸುತ್ತು ಸುತ್ತಿದೆ. ಕುರ್ಚಿಗೆ ಚಕ್ರ ಇದೆ, ಪಕ್ಕದವನ ಕಾಫಿ ಚೆಲ್ಲಿತು. ಚುಚ್ಚಿ ಚುಚ್ಚಿ ಬೆರಳು ನೋಯುತ್ತಿದೆ, ಆದರೂ ಇದನ್ನು ಬ್ರೈಲಿನಲ್ಲೇ ಬರೆಯಬೇಕು ಅನ್ನಿಸಿತು.

ನಮ್ಮ ಸಾಹೇಬರಿಗೆ ನಿನ್ನ ವಿಷಯ ಹೇಳಿದೆ. "ಪರೀಕ್ಷೆ ಯಂತ್ರ ಮಾಡುತ್ತಲ್ಲಮ್ಮ, ನೂರಕ್ಕೆ ನೂರು ಅಂಕ ಕೊಡುತ್ತೆ" ಅಂದರು. ಯಂತ್ರ ಚಿತ್ರಕ್ಕೆ ವಿವರಣೆ ಇದೆಯೋ ಇಲ್ಲವೋ ಅಂತ ಮಾತ್ರ ನೋಡುತ್ತದೆ ಸಾರ್, ಒಂದು ಚುಕ್ಕೆ ಇಟ್ಟರೂ ವಿವರಣೆ ಅಂದುಕೊಂಡು ಪಾಸು ಮಾಡುತ್ತದೆ, ನನ್ನ ಗೆಳತಿ ಹಾಗಲ್ಲ ಅಂದೆ. ನಗರಸಭೆಯ ಕರಾರಿನಲ್ಲೂ ಕಣ್ಣಿಲ್ಲದವರೊಬ್ಬರು ಪರೀಕ್ಷಿಸಿ ಒಪ್ಪಬೇಕು ಅಂತ ಇತ್ತು. ಹಾಗಾಗಿ ಒಪ್ಪಿದರು.

ನೀನು ಮುಂಚೆ ಹೇಳುತ್ತಿದ್ದ ಮಾತನ್ನೇ ಮಾಡಿದ್ದೇನೆ. ಗುಮಾಸ್ತರು ಚಿತ್ರ ಏರಿಸುವಾಗ ಅದರಲ್ಲಿ ಏನಿದೆ ಅಂತ ಬರೆಯದಿದ್ದರೆ ಪುಟ ಪ್ರಕಟವಾಗುವುದೇ ಇಲ್ಲ. ಮೊನ್ನೆ ತರಬೇತಿಯಲ್ಲಿ ಒಬ್ಬ ಹಿರಿಯ ಗುಮಾಸ್ತರು, "ಚಿತ್ರ ನೋಡಿದರೆ ಗೊತ್ತಾಗಲ್ವಾ, ಬೇರೆ ಬರೀಬೇಕಾ?" ಅಂತ ಮುಖ ಗಂಟಿಕ್ಕಿದರು. ಅವರಿಗೆ ಕಣ್ಣು ಮುಚ್ಚಿಕೊಳ್ಳಿ ಅಂದೆ. ಮುಚ್ಚಿಕೊಂಡು ಹಾಗೇ ನಿದ್ದೆ ಹೋದರು.

ಪರೀಕ್ಷೆಗೆ ಒಂದು ವಿಳಾಸ ಕಳಿಸಿದ್ದೇನೆ. ಅಲ್ಲಿರುವುದೇ ನಾಳೆ ಊರಿಗೆಲ್ಲ ಕಾಣುವುದು. ನಿರ್ದಾಕ್ಷಿಣ್ಯವಾಗಿ ಬೈ. ನನಗೆ ನಿನ್ನ ಕೈಲಿ ಬೈಸಿಕೊಂಡು ಬಹಳ ದಿನವಾಯಿತು.

ನಿನ್ನ,
ಬಾಯಿ


ಫೆಬ್ರವರಿ ೨೭

ಪ್ರೀತಿಯ ಬಾಯಿ,

ಬೈಯಲೇ? ಶುರು ಮಾಡುತ್ತೇನೆ.

ಸುದ್ದಿಯ ಪುಟದಲ್ಲಿ ಗಿಣಿ "ಇಲ್ಲಿ ಒತ್ತಿ, ಇಲ್ಲಿ ಒತ್ತಿ, ಇಲ್ಲಿ ಒತ್ತಿ" ಅಂತ ಬಡಿದುಕೊಳ್ಳುತ್ತದೆ. ಎಲ್ಲಿ ಒತ್ತಿದರೆ ಏನು ಅಂತ ಒಂದಕ್ಕೂ ಹೇಳಿಲ್ಲ. ದಿನಾಂಕ ಆರಿಸುವ ಜಾಗಕ್ಕೆ ಹೋದರೆ ಗಾಣದ ಎತ್ತಿನ ಹಾಗೆ ಅಲ್ಲಲ್ಲೇ ಸುತ್ತಿದೆ, ಹೊರಗೆ ಬರುವ ದಾರಿಯೇ ಇಲ್ಲ. ಶೀರ್ಷಿಕೆಗಳಿಗೆ ಬರೀ ಅಕ್ಷರ ದಪ್ಪ ಮಾಡಿ ಬಿಟ್ಟಿದ್ದೀರಿ. ನಿಮ್ಮ ಕಣ್ಣಿಗೆ ಅದು ಶೀರ್ಷಿಕೆ, ಗಿಣಿಗೆ ಅದೂ ಒಂದು ಸಾಲು ಅಷ್ಟೆ. ಇನ್ನೂ ಇವೆ. ಎಲ್ಲವನ್ನೂ ಬೇರೆ ಕಾಗದದಲ್ಲಿ ಚುಚ್ಚಿದ್ದೇನೆ. ಒಂದೊಂದಾಗಿ ಸರಿಮಾಡಿ ಹೇಳು, ನಾನು ಮತ್ತೆ ನೋಡುತ್ತೇನೆ.

ಈಗ ಹೊಗಳಿಕೆ. ಮೊದಲ ಪುಟದ ಚಿತ್ರದ ಮೇಲೆ ಹೋದೆ. ಗಿಣಿ ಹೇಳಿತು: "ನಗರಸಭೆಯ ಕಲ್ಲಿನ ಕಟ್ಟಡ, ಅಗಲವಾದ ಮೆಟ್ಟಿಲುಗಳು, ಎರಡನೇ ಮೆಟ್ಟಿಲ ಮೇಲೆ ಮಲಗಿದ ಬೆಕ್ಕು."

ಜೋರಾಗಿ ನಕ್ಕುಬಿಟ್ಟೆ. ಕೆಳಗೆ ದರ್ಜಿಯ ಮಿಷನ್ನು ಒಂದು ಗಳಿಗೆ ನಿಂತಿತು. ಮತ್ತೆ ಕಣ್ಣಲ್ಲಿ ನೀರೂ ಬಂತು, ಅದನ್ನೂ ಹೇಳಿಬಿಡುತ್ತೇನೆ. ಬೆಕ್ಕು ಇದೆಯಲ್ಲ, ಇನ್ನು ಉಳಿದದ್ದಕ್ಕೆ ನಾನು ಹೆದರಬೇಕಾಗಿಲ್ಲ.

ಊರಿಗೆ ತೆರೆಯುವ ಮುಂಚೆ ಆ ಬೆಕ್ಕನ್ನು ತೆಗೆಯುವುದು ಮರೆಯಬೇಡ. ಅದು ನನಗೊಬ್ಬಳಿಗೆ.

ನಮ್ಮ ಗಡಿಬಿಡಿಗೆ ಈ ಜಾಲತಾಣದ ಸುದ್ದಿ ಹೇಳಿದೆ. ಅವಳು ನನ್ನ ಹಳೇ ವಿದ್ಯಾರ್ಥಿನಿ. ಪೆಟ್ಟಿಗೆ ಮಡಚುವ ಕಾರ್ಖಾನೆಯಲ್ಲಿ ಕೆಲಸ. ಎರಡು ಮಕ್ಕಳ ತಾಯಿಯಾದರೂ ಮೆಟ್ಟಿಲು ಹತ್ತುವಾಗ ಎರಡೆರಡೇ ಹತ್ತುತ್ತಾಳೆ, ಅದಕ್ಕೇ ಆ ಹೆಸರು. ನಗರಸಭೆಯ ದೂರವಾಣಿ ಮಾಹಿತಿ ಕೇಂದ್ರದಲ್ಲಿ ಒಂದು ಹುದ್ದೆ ತೆರವಾಗುತ್ತದಂತೆ. ದನಿ ಅಂದರೆ ಅವಳ ದನಿ. "ಟೀಚರ್, ಇನ್ಮೇಲೆ ಅರ್ಜಿ ಹಾಕೋಕೆ ಯಾರನ್ನೂ ಕಾಡಿ ಬೇಡಬೇಕಾಗಿಲ್ಲ ಅಲ್ವಾ?" ಅಂದಳು. ಬೇಕಾಗಿಲ್ಲ ಅಂದೆ.

ನಿನ್ನ,
ಕಿವಿ


ಮಾರ್ಚ್ ೩೦

ಕಿವಿ,

ನೀನು ಹೇಳಿದ ತಪ್ಪುಗಳೆಲ್ಲ ಸರಿಯಾಗಿವೆ ಅಂತ ನೀನೇ ಒಪ್ಪಿದ್ದೀಯ. ಜಾಲತಾಣ ಮೊನ್ನೆ ಊರಿಗೆ ತೆರೆಯಿತು. ಸಾಹೇಬರಿಗೆ ಹಾರ ಹಾಕಿದರು. ಪ್ರತಿ ಪುಟದ ಕೆಳಗೂ ನಿನ್ನ ಹೆಸರಿದೆ, ನೀನು ಪರೀಕ್ಷಿಸಿ ಒಪ್ಪಿದ್ದು ಅಂತ.

ನೀನು ಮಾತ್ರ ನಿನಗೆ ಕೊಟ್ಟ ಹಳೇ ವಿಳಾಸದಲ್ಲೇ ನೋಡುತ್ತಿರು. ಎರಡೂ ಒಂದೇ. ನಿನಗೆ ಅಭ್ಯಾಸವಾದ ದಾರಿ, ಬದಲಾಯಿಸುವುದು ಯಾಕೆ.

ಕೆಲಸ ಬಹಳ. ಚಿಕ್ಕದಾಗಿ ಬರೆದಿದ್ದಕ್ಕೆ ಕೋಪ ಮಾಡಿಕೊಳ್ಳಬೇಡ.

ಬಾಯಿ


ಮೇ ೧೧

ಪ್ರೀತಿಯ ಬಾಯಿ,

ಕಳೆದ ಸಲದ ನಿನ್ನ ಕಾಗದದಲ್ಲಿ ಕೊನೆಗೆ ಒಂದು ಸಾಲು ಚುಚ್ಚಿ, ಆಮೇಲೆ ಉಗುರಿನಿಂದ ಉಜ್ಜಿ ಅಳಿಸಿದ್ದೆ. ಬೆರಳಿಗೆ ಹಳ್ಳ ಸಿಕ್ಕಿತು, ಅಕ್ಷರ ಸಿಗಲಿಲ್ಲ. ಮನೆಯಲ್ಲಿ ಎಲ್ಲ ಸರಿಯಿದೆಯಾ? ಅತ್ತೆಯ ಆರೋಗ್ಯ? ನಿನ್ನವರು ಮತ್ತೆ ಮಾತು ಬಿಟ್ಟಿದ್ದಾರಾ? ಹೇಳಬೇಕು ಅನ್ನಿಸಿದಾಗ ಹೇಳು.

ಈಗ ಒಂದು ಕೆಲಸ ಆಗಬೇಕು. ಗಡಿಬಿಡಿ ದೂರವಾಣಿ ಕೇಂದ್ರದ ಹುದ್ದೆಗೆ ಅರ್ಜಿ ಹಾಕಿದಳು, ತನ್ನ ಮನೆಯಲ್ಲೇ ಕೂತು, ಯಾರ ಸಹಾಯವೂ ಇಲ್ಲದೆ. ಅವತ್ತು ಸಂಜೆ ನನಗೆ ಫೋನು ಮಾಡಿ ಎಷ್ಟು ಕುಣಿದಳು ಅಂದರೆ ಹಿಂದೆ ಮಕ್ಕಳೂ ಕುಣಿಯುವುದು ಕೇಳಿಸಿತು. ಕಾರ್ಖಾನೆಯಲ್ಲಿ ಮೇಸ್ತ್ರಿಗೂ ಹೇಳಿಬಿಟ್ಟಿದ್ದಾಳೆ, ಇನ್ನು ಸ್ವಲ್ಪ ದಿನ ಅಷ್ಟೆ ಅಂತ. ಹೇಳಬಾರದಿತ್ತು, ಆದರೆ ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಸಂದರ್ಶನಕ್ಕೆ ಕರೆ ಬರಲಿಲ್ಲ. ಹೋಗಿ ಕೇಳಿದರೆ, ನಿಮ್ಮ ಅರ್ಜಿಯೇ ಬಂದಿಲ್ಲ ಅಂದರಂತೆ. ಕೊನೆಯ ದಿನಾಂಕ ದಾಟಿದೆ. ಮೇಸ್ತ್ರಿ ಅವಳ ಜಾಗಕ್ಕೆ ಬೇರೆಯವರನ್ನು ಗೊತ್ತುಮಾಡಿಕೊಂಡಾಗಿದೆ.

ಎಲ್ಲಿ ಎಡವಟ್ಟಾಯಿತು ಅಂತ ಒಂದು ಸಲ ನೋಡುತ್ತೀಯಾ? ನಿನ್ನ ಕೈಯಲ್ಲೇ ಇರುವ ವಿಷಯ. ತಪ್ಪು ಆ ಕಡೆಯದು, ಜಾಲತಾಣದ್ದು, ಅಂತಾದರೆ ನಗರಸಭೆಯವರು ಅರ್ಜಿಯನ್ನು ಈಗಲೂ ತೆಗೆದುಕೊಳ್ಳುತ್ತಾರಂತೆ. ಸಂದರ್ಶನ ಇನ್ನೂ ಮುಗಿದಿಲ್ಲ.

ನಿನ್ನ,
ಕಿವಿ


ಮೇ ೧೯

ಪ್ರಿಯ ಗೆಳತಿ,

ಬ್ರೈಲ್ ಬರೆಯಲು ಸಮಯವಿಲ್ಲ, ಹಾಗಾಗಿ ಮಿಂಚಂಚೆ. ನಿನ್ನ ಗಿಣಿ ಓದುತ್ತದೆ.

ನಾನು ನೋಡಿದೆ. ಆಕೆ ಅರ್ಜಿ ತುಂಬಿದ್ದಾರೆ, ಆದರೆ ಕೊನೆಯ ಹೆಜ್ಜೆ ಪೂರ್ತಿ ಮಾಡಿಲ್ಲ. ವ್ಯವಸ್ಥೆಯಲ್ಲಿ ದೋಷವೇನೂ ಇಲ್ಲ. ನೀನೇ ಪರೀಕ್ಷಿಸಿದ ಅರ್ಜಿ ಅದು. ಆಕೆ ಸ್ವಲ್ಪ ಆತುರದ ಸ್ವಭಾವದವರು ಅಂತ ನೀನೇ ಬರೆದಿದ್ದೆ. ಮುಂದಿನ ಸಲ ನಿಧಾನವಾಗಿ ಕೇಳಿಸಿಕೊಂಡು ಮುಂದೆ ಹೋಗಲು ಹೇಳು.

ನಿನ್ನ ಗೆಳತಿ


ಜೂನ್ ೮

ಪ್ರೀತಿಯ ಬಾಯಿ,

ನಿನ್ನ ಮಿಂಚಂಚೆಯನ್ನು ಗಿಣಿ ಓದಿತು. ಗಿಣಿಯ ದನಿಯಲ್ಲಿ ನೀನು ನಗರಸಭೆಯವಳ ಹಾಗೇ ಕೇಳಿಸಿದೆ. ಬಹುವಚನ ಬೇರೆ, "ಆಕೆ ತುಂಬಿದ್ದಾರೆ." ಇರಲಿ.

ಗಡಿಬಿಡಿಗೆ ಬೈದೆ. ಅವಳು ಮಾತ್ರ, "ಇಲ್ಲ ಟೀಚರ್, ನಾನು ಸಲ್ಲಿಸು ಒತ್ತಿದೆ, ಆಣೆ ಇಟ್ಟು ಹೇಳ್ತೀನಿ" ಅಂತ ಪಟ್ಟು ಹಿಡಿದಳು. ಎಲ್ಲರನ್ನೂ ಸುತ್ತ ಕೂರಿಸಿ ನನ್ನ ಕಂಪ್ಯೂಟರಿನಲ್ಲಿ ಅಂಥದೇ ಇನ್ನೊಂದು ಅರ್ಜಿ ತೆರೆದೆ. ತುಂಬಿದೆ. ಸಲ್ಲಿಸು ಒತ್ತಿದೆ. ಗಿಣಿ ಸ್ಪಷ್ಟವಾಗಿ, "ಖಚಿತವೇ? ಹೌದು ಅಥವಾ ಇಲ್ಲ" ಅಂದಿತು. ಹೌದು ಒತ್ತಿದೆ. "ನಿಮ್ಮ ಅರ್ಜಿ ಸಲ್ಲಿಕೆಯಾಗಿದೆ" ಅಂದಿತು. "ಕೇಳಿಸಿತಾ? ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿಲ್ಲ. ಖಚಿತವೇ ಅಂತ ಕೇಳೋದನ್ನೂ ಕೇಳಿಸಿಕೊಳ್ಳದೆ ಎದ್ದು ಕುಣಿಯೋಕೆ ಹೋದೆಯಲ್ಲ!" ಅಂದೆ. ಯಾರೋ ಒಬ್ಬರು ಕಿಸಕ್ಕೆಂದು ನಕ್ಕರು.

ಗಡಿಬಿಡಿ ಎದ್ದು ಹೊರಟಳು. ಇಳಿದು ಹೋಗುವಾಗ ಒಂದೊಂದೇ ಮೆಟ್ಟಿಲು ಇಳಿದಳು. ಆಮೇಲೆ ತರಗತಿಗೆ ಬಂದಿಲ್ಲ.

ಸರಿಯಾದದ್ದನ್ನೇ ಹೇಳಿದೆ ಅನ್ನುವ ಸಮಾಧಾನ ಇರಬೇಕಿತ್ತು. ಇಲ್ಲ. ಏನೋ ಕಡ್ಡಿ ಸಿಕ್ಕಿಕೊಂಡ ಹಾಗಿದೆ. ನೀನು ಒಂದು ಕಾಗದ ಬರೆ. ಕೈಯಲ್ಲಿ.

ನಿನ್ನ,
ಕಿವಿ


ಜುಲೈ ೩

ಬಾಯಿ,

ಇವತ್ತು ಗಡಿಬಿಡಿ ಬಂದಿದ್ದಳು, ನನ್ನಿಂದ ಒಯ್ದಿದ್ದ ಹೆಡ್‌ಫೋನು ವಾಪಸು ಕೊಡಲು. ಒಳಗೆ ಬರುವುದಿಲ್ಲ ಅಂದಳು. ನಾನೇ ಕೈ ಹಿಡಿದು ಕೂರಿಸಿದೆ. ಕೆಲಸ ಹೋಗಿದೆ. ಗಂಡ, ನಿನಗೆ ಇದೆಲ್ಲ ಯಾಕೆ ಬೇಕಿತ್ತು ಅನ್ನುತ್ತಾನಂತೆ. ಹೇಗಾದರೂ ಒಂದು ಸಲ ನಗಿಸೋಣ ಅಂತ ನಮ್ಮ ಬೆಕ್ಕಿನ ಕಥೆ ಹೇಳಿದೆ. ಹಾಸ್ಟೆಲಿನದೆಲ್ಲ ಹೇಳಿ, "ಈಗಲೂ ನೋಡು, ನಗರಸಭೆಯ ಮೊದಲ ಪುಟದಲ್ಲೇ ಬೆಕ್ಕು ಮಲಗಿಸಿದ್ದಾಳೆ. ನೀನೂ ಕೇಳಿರ್ತೀಯ" ಅಂದೆ.

"ಯಾವ ಬೆಕ್ಕು ಟೀಚರ್?"

"ಚಿತ್ರದಲ್ಲಿ. ಎರಡನೇ ಮೆಟ್ಟಿಲ ಮೇಲೆ."

"ನನಗೆ ಬೆಕ್ಕೂ ಇಲ್ಲ, ಇಲೀನೂ ಇಲ್ಲ ಟೀಚರ್. ಚಿತ್ರ ನಾಲ್ಕು ಏಳು ಎರಡು ಅನ್ನುತ್ತೆ, ಅಷ್ಟೆ."

ಅವಳ ಫೋನಿನಲ್ಲಿ ತೆರೆಸಿ ಕೇಳಿದೆ. ಚಿತ್ರ ನಾಲ್ಕು ಏಳು ಎರಡು. ಇನ್ನೊಂದು ಪುಟ. ಚಿತ್ರ ನಾಲ್ಕು ಎಂಟು ಸೊನ್ನೆ. ವಿವರಣೆ ಇಲ್ಲ, ಬರೀ ಕಡತದ ಹೆಸರು. ಸುದ್ದಿಯ ಪುಟಕ್ಕೆ ಹೋದೆವು. "ಇಲ್ಲಿ ಒತ್ತಿ, ಇಲ್ಲಿ ಒತ್ತಿ, ಇಲ್ಲಿ ಒತ್ತಿ." ಫೆಬ್ರವರಿಯಲ್ಲಿ ನಾನು ಚುಚ್ಚಿ ಕಳಿಸಿದ ತಪ್ಪುಗಳು ಒಂದೂ ಬಿಡದೆ ಅಲ್ಲೇ ಕೂತಿದ್ದವು. ಕೆಳಗಿನಿಂದ ಅತ್ತಿಗೆಯನ್ನು ಕೂಗಿ ಕರೆದೆ. ಒಗೆದ ಬಟ್ಟೆ ಹಿಂಡುತ್ತಿದ್ದವರು ಒದ್ದೆ ಕೈಯಲ್ಲೇ ಬಂದರು. "ಮೆಟ್ಟಿಲೂ ಇಲ್ಲ ಬೆಕ್ಕೂ ಇಲ್ಲ ಕಣೆ. ಯಾವನೋ ಹಾರ ಹಾಕ್ಕೊಂಡು ಹಲ್ಲು ಕಿರಿದಿದ್ದಾನೆ" ಅಂದರು. ಒಂದು ಅರ್ಜಿ ತುಂಬಿ ಗಡಿಬಿಡಿ ಸಲ್ಲಿಸು ಒತ್ತಿದಳು. ಗಿಣಿ ಸುಮ್ಮನಾಯಿತು. ನಾವು ಕಾದೆವು. ಅತ್ತಿಗೆ, "ಯಾಕೆ ಸುಮ್ಮನೆ ಕೂತಿದ್ದೀರಿ? ನಡುವೆ ಒಂದು ಪುಟ್ಟ ಕಿಟಕಿ ಎದ್ದು ನಿಂತಿದೆಯಲ್ಲ, ಖಚಿತವೇ ಅಂತ ಕೇಳ್ತಾ" ಅಂದರು.

ಅವರಿಗೆ ಕಂಡ ಕಿಟಕಿ ನಮಗೆ ಗೋಡೆ. ಗಡಿಬಿಡಿ ಅವತ್ತೂ ಹೀಗೇ ಕಾದಿದ್ದಾಳೆ. ಏನೂ ಕೇಳಿಸದಿದ್ದಾಗ ಮುಗಿಯಿತು ಅಂದುಕೊಂಡಿದ್ದಾಳೆ. ಬೇರೆ ಏನು ಅಂದುಕೊಳ್ಳಬೇಕಿತ್ತು?

ಊರಿಗೇ ಒಂದು ದಾರಿ, ನನಗೇ ಒಂದು ದಾರಿ ಮಾಡಿದೆ ನೀನು. ನನ್ನನ್ನು ಯಾರೂ ಓಡಾಡದ ಒಂದು ಬೀದಿಯಲ್ಲಿ ಬಿಟ್ಟು, ನಾನು ಹೇಳಿದ ಹಾಗೆಲ್ಲ ಅದರ ಹಳ್ಳ ಮುಚ್ಚಿಸಿ, ಸರಿಯಿದೆ ಅನ್ನಿಸಿಕೊಂಡು, ಆ ಮಾತನ್ನು ಒಯ್ದು ಹಳ್ಳವಿರುವ ಬೀದಿಯ ತುದಿಯಲ್ಲಿ ನೇತುಹಾಕಿದೆ. ಎರಡೂ ಒಂದೇ ಅಂತ ಬರೆದೆಯಲ್ಲ. ಅದೇ ಕಾಗದದ ಕೊನೆಯಲ್ಲಿ ಏನೋ ಉಜ್ಜಿ ಅಳಿಸಿದ್ದೆ. ನಾನು ಪೆದ್ದಿ, ನಿನ್ನ ಅತ್ತೆಗೆ ಹುಷಾರಿಲ್ಲವೇನೋ ಅಂತ ಮರುಗಿದೆ.

ನನ್ನ ಕಿವಿಯ ಮೇಲೆ ಹೂವಿಟ್ಟೆ. ಅದನ್ನಾದರೂ ಒಂದು ದಿನ ಮರೆತೇನು. ಆದರೆ ಮೇ ತಿಂಗಳಲ್ಲಿ ನಿನಗೆ ಕೈಮುಗಿದು ಕೇಳಿದೆ, ತಪ್ಪು ಆ ಕಡೆಯದು ಅಂತಾದರೆ ಅವಳ ಅರ್ಜಿ ತೆಗೆದುಕೊಳ್ಳುತ್ತಾರೆ ಅಂತ. ನಿನಗೆ ಗೊತ್ತಿತ್ತು. ಒಂದು ಮಾತು ಸಾಕಿತ್ತು. ಅದರ ಬದಲು ಪ್ರೀತಿಯಿಂದ ನಾನು ಬರೆದ ಅವಳ ಹೆಸರನ್ನೇ ಹಿಡಿದುಕೊಂಡು, ಆತುರದ ಸ್ವಭಾವ ಅಂದೆ. ನಂಬಿಸಿ ಕುತ್ತಿಗೆ ಕುಯ್ದೆ, ಬಾಯಿ. ಕುಯ್ಯಲು ನನ್ನ ಕೈಯನ್ನೇ ಬಳಸಿದೆ. ಎಲ್ಲರ ಮುಂದೆ ಅವಳನ್ನು ಸುಳ್ಳಿ ಮಾಡಿದ್ದು ನಾನು.

ಹಾಸ್ಟೆಲಿನಲ್ಲಿ ನಿದ್ದೆ ಬಂದಾಗ ಪುಟ ಹಾರಿಸುತ್ತಿದ್ದೆ. ಈಗ ಕಣ್ಣು ಬಿಟ್ಟುಕೊಂಡು ಹಾರಿಸಿದ್ದೀಯ. ವಾಪಸ್ ಬಾ ಅಂತ ಇವತ್ತು ಹೇಗೆ ಹೇಳಲಿ?

ಕಿವಿ


ಜುಲೈ ೧೫

ಕಿವಿ,

ಇದು ಕೈಯಲ್ಲೇ ಬರೆದದ್ದು. ಎಷ್ಟು ಸಲ ಹಾಳೆ ಬದಲಾಯಿಸಿದೆನೋ.

ನೀನು ಬರೆದದ್ದೆಲ್ಲ ನಿಜ. ಆದರೆ ನಾನು ಶುರು ಮಾಡಿದ್ದು ಹಾಗಲ್ಲ. ಮೊದಲು ಜಾಲತಾಣ ಒಂದೇ ಇತ್ತು. ಮಾರ್ಚಿನಲ್ಲಿ ಸಾಹೇಬರು ಬೇರೆ ಕಡೆಯಿಂದ ಹೊಳೆಯುವ ಹೊಸ ವಿನ್ಯಾಸವೊಂದನ್ನು ತಂದು ಹಾಕಿ ಅಂದರು. ನಾನು ಸರಿಮಾಡಿದ್ದೆಲ್ಲ ಅದರಲ್ಲಿ ಹೋಯಿತು. ವಿವರಣೆ ಬರೆಯದೆ ಪ್ರಕಟಿಸಲು ಬಿಡುತ್ತಿಲ್ಲ ಅಂತ ಗುಮಾಸ್ತರೂ ದೂರಿದರು, ಆ ಕಡ್ಡಾಯವನ್ನೂ ತೆಗೆಸಿದರು. ತೆರೆಯುವ ದಿನ ಹತ್ತಿರ ಬಂದಿತ್ತು. ಹಳೆಯದನ್ನು ಹಾಗೇ ಇಟ್ಟು ನಿನಗೆ ತೋರಿಸುತ್ತಿರು, ಆಮೇಲೆ ಎರಡನ್ನೂ ಸೇರಿಸೋಣ ಅಂದರು. ಆ ಆಮೇಲೆ ಬರಲೇ ಇಲ್ಲ. ಮೇ ತಿಂಗಳಲ್ಲಿ ನಿಜ ಹೇಳಿದ್ದರೆ ಎಲ್ಲ ಹೊರಗೆ ಬರುತ್ತಿತ್ತು. ಹೆದರಿದೆ. ನಮ್ಮ ಮನೆ ನಡೆಯುವುದು ನನ್ನ ಸಂಬಳದ ಮೇಲೆ ಅಂತ ನಿನಗೆ ಗೊತ್ತು.

ನಿನ್ನ ಕಾಗದ ಬಂದ ಮೇಲೆ ಸಾಹೇಬರ ಮಾತು ಮೀರಿ ಕೂತಿದ್ದೇನೆ. ಆ ಕಿಟಕಿ ಈಗ ಮಾತಾಡುತ್ತದೆ. ಮೊದಲ ಪುಟದ ಚಿತ್ರ ಬದಲಾಗಿದೆ. ಪ್ರತಿ ಚಿತ್ರದ ವಿವರಣೆಯನ್ನೂ ನಾನೇ ಬರೆದಿದ್ದೇನೆ, ಇದ್ದದ್ದು ಇದ್ದ ಹಾಗೆ.

ಒಂದು ಬೇಡುತ್ತೇನೆ. ನಿನ್ನ ಒಪ್ಪಿಗೆಯನ್ನು ವಾಪಸು ತೆಗೆದುಕೊಳ್ಳಬೇಡ. ತೆಗೆದುಕೊಂಡರೆ ಮೊದಲು ಹೋಗುವುದು ನನ್ನ ಕೆಲಸ, ಸಾಹೇಬರದಲ್ಲ.

ಬಾಯಿ


ಆಗಸ್ಟ್ ೨

ಬಾಯಿ,

ಮೊದಲು ಆಗಿದ್ದನ್ನು ಹೇಳುತ್ತೇನೆ. ನಿನ್ನ ಕಾಗದ ಓದಿದ ಮರುದಿನ ಗಡಿಬಿಡಿಯನ್ನೂ ಅತ್ತಿಗೆಯನ್ನೂ ಕರೆದುಕೊಂಡು ನಗರಸಭೆಗೆ ಹೋದೆ. ಅಧಿಕಾರಿಯ ಕೋಣೆಯಲ್ಲಿ ಫ್ಯಾನು ಕಿರಗುಟ್ಟುತ್ತಿತ್ತು, ಕುರ್ಚಿ ಕೊಟ್ಟರು. ಈ ಜಾಲತಾಣವನ್ನು ನಾನು ಪರೀಕ್ಷಿಸಿಲ್ಲ, ನಾನು ಪರೀಕ್ಷಿಸಿದ್ದು ಬೇರೆ, ನನ್ನ ಹೆಸರು ತೆಗೆಯಿರಿ ಅಂದೆ. ಬರೆದುಕೊಟ್ಟೆ. ನಿನ್ನ ಹೆಸರು ಕೇಳಿದರು. ಹೇಳಿದೆ. ನಿನ್ನ ಮನೆ ನಿನ್ನ ಸಂಬಳದ ಮೇಲೆ ನಡೆಯುತ್ತದೆ ಅಂದೆಯಲ್ಲ. ಗಡಿಬಿಡಿಯ ಮನೆಯೂ ಯಾವುದೋ ಒಂದರ ಮೇಲೆ ನಡೆಯುತ್ತಿತ್ತು.

ಹುದ್ದೆ ತುಂಬಿಹೋಗಿದೆಯಂತೆ. ಸಂದರ್ಶನ ನಡೆಯುತ್ತಿದ್ದಾಗಲೇ ಹೇಳಿದ್ದರೆ ಆಗುತ್ತಿತ್ತು ಅಂದರು. ಅಟ್ಟ ಮೇಲೆ ಒಲೆ ಉರಿಯಿತು.

ಅವತ್ತು ಬೈದಾಗ ಇದ್ದವರನ್ನೆಲ್ಲ ಮತ್ತೆ ಕೂರಿಸಿ, ಗಡಿಬಿಡಿಯ ತಪ್ಪೇನೂ ಇರಲಿಲ್ಲ, ತಪ್ಪು ನನ್ನದು ಅಂದೆ. ಅವಳು, "ಬಿಡಿ ಟೀಚರ್, ಬೈಯೋದನ್ನಾದ್ರೂ ನಿಧಾನಕ್ಕೆ ಬೈದಿದ್ರೆ ಸಾಕಿತ್ತು" ಅಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಈಗ ತರಗತಿಗೆ ಬರುತ್ತಾಳೆ. ಆದರೆ ನಾನು ಏನಾದರೂ ಹೇಳಿದರೆ, "ಹೌದಾ ಟೀಚರ್?" ಅಂತ ಒಂದು ಸಲ ಕೇಳುತ್ತಾಳೆ. ಮುಂಚೆ ಕೇಳುತ್ತಿರಲಿಲ್ಲ.

ಇನ್ನೊಂದು ಆಯಿತು. ಅದಕ್ಕೇ ಈ ಕಾಗದ. ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ನಿನ್ನೆ ಗಡಿಬಿಡಿ ತನ್ನ ಫೋನಿನಲ್ಲಿ ಆ ಮೊದಲ ಪುಟ ತೆರೆದಳು, ಎಲ್ಲರೂ ನೋಡುವ ಪುಟ. ಗಿಣಿ ಹೇಳಿತು: "ನಗರಸಭೆಯ ಕಲ್ಲಿನ ಕಟ್ಟಡ, ಅಗಲವಾದ ಮೆಟ್ಟಿಲುಗಳು, ಕೆಳಗಿನ ಮೆಟ್ಟಿಲ ಮೇಲೆ ಮಲಗಿದ ಕಂದು ಬೆಕ್ಕು."

ನಮ್ಮ ಬೆಕ್ಕಿನ ಕಥೆ ಕೇಳಿದ್ದರೂ ಅವಳಿಗೆ ಖುಷಿಯೋ ಖುಷಿ. "ಟೀಚರ್, ಆಫೀಸಲ್ಲಿ ಬೆಕ್ಕು ಸಾಕಿದ್ದಾರೆ! ಅದಕ್ಕೆ ಹಾಲು ಯಾರು ಹಾಕ್ತಾರೆ?"

ನನಗೆ ಮೈಯೆಲ್ಲ ಉರಿಯಿತು. ಈ ಬಾಯಿ ನಮ್ಮಿಬ್ಬರ ತಮಾಷೆಯನ್ನು, ನನಗೊಬ್ಬಳಿಗೆ ಅಂತ ಇದ್ದದ್ದನ್ನು, ಒಪ್ಪಂದವೇ ಗೊತ್ತಿಲ್ಲದ ಊರಿನ ಕುರುಡರಿಗೆಲ್ಲ ಬಡಿಸಿದ್ದಾಳಲ್ಲ, ಇವಳಿಗೆ ಇನ್ನೂ ಬುದ್ಧಿ ಬಂದಿಲ್ಲವಲ್ಲ ಅಂದುಕೊಂಡೆ. "ಅಲ್ಲಿ ಬೆಕ್ಕಿಲ್ಲ" ಅಂದೆ.

"ಹೌದಾ ಟೀಚರ್? ನಿಮಗೆ ಹೇಗೆ ಗೊತ್ತು?"

"ಬರೆದವಳು ಗೊತ್ತು. ಅವಳು ಬೆಕ್ಕು ಅಂದರೆ ಅದು ಸುಳ್ಳು."

ಗುಂಡಿ ಹೊಲಿಯುತ್ತ ಪಕ್ಕದಲ್ಲೇ ಕೂತಿದ್ದ ಅತ್ತಿಗೆ ಬಗ್ಗಿ ನೋಡಿದರು. "ಇದೆಯಲ್ಲೇ," ಅಂದರು. "ಕೆಳಗಿನ ಮೆಟ್ಟಿಲ ಮೇಲೆ. ಬಾಲ ಮಡಚಿಕೊಂಡು ಮಲಗಿದೆ. ಕಂದು ಬಣ್ಣದ್ದೇ."

ಗಡಿಬಿಡಿಯ ಮುಂದೆ ನಾನು ಎರಡನೇ ಸಲ ತಪ್ಪು ಹೇಳಿದ್ದೆ.

ಇಷ್ಟು ವರ್ಷದಲ್ಲಿ ನೀನು ನನಗೆ ಹೇಳಿದ ಬೆಕ್ಕುಗಳಲ್ಲಿ ನಿಜವಾಗಿ ಇದ್ದದ್ದು ಇದೊಂದೇ. ಅದನ್ನು ನಾನು ನಂಬಲಿಲ್ಲ. ಹುದ್ದೆ ಹೋಯಿತು, ನನ್ನ ಮಾತಿನ ಬೆಲೆ ಹೋಯಿತು, ಅವನ್ನೆಲ್ಲ ನಿನ್ನ ತಲೆಗೆ ಕಟ್ಟಿ ನಾನು ಸುಮ್ಮನಾಗಬಹುದಿತ್ತು. ಆದರೆ ನನ್ನ ತಲೆಯಲ್ಲಿರುವ ಹೃದಯ, ಯುದ್ಧಭೂಮಿ, ನಾನು ಹೋಗದ ಸಮುದ್ರ ಎಲ್ಲ ನೀನು ಹೇಳಿದ್ದು. ನಾನು ಅವನ್ನೇ ನನ್ನ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟಿದ್ದೇನೆ. ರಾತ್ರಿಯೆಲ್ಲ ಒಂದೊಂದೇ ಚಿತ್ರ ನೆನಪಾಗಿ, ಇದು ಇತ್ತೋ ಇಲ್ಲವೋ ಅನ್ನಿಸುತ್ತದೆ. ಯಾರನ್ನು ಕೇಳಲಿ?

ಆ ಬೆಕ್ಕಿಗೆ ಹಾಲು ಯಾರು ಹಾಕುತ್ತಾರೆ ಅಂತ ಗಡಿಬಿಡಿ ಮತ್ತೆ ಕೇಳಿದಳು. ನಿನಗೆ ಬರೆದು ಕೇಳುತ್ತೇನೆ ಅಂದಿದ್ದೇನೆ. ಅವಳ ವಿಳಾಸ ಕೆಳಗಿದೆ. ಉತ್ತರವನ್ನು ಅವಳಿಗೇ ಬರೆ. ಅವಳು ಇನ್ನೂ ನಂಬುತ್ತಾಳೆ.

ಟೀಚರ್